ಮಂಟಪದಲ್ಲಿ ಆಡುವ ಮಾತು

ಕೇಳುಗರೇ, ನಮಸ್ಕಾರ. ವಧೂವರರು ಪರಸ್ಪರ ಕೊಡುವ ಮಾತನ್ನು ತಾವೇ ಬರೆದುಕೊಂಡು ಮಂಟಪದಲ್ಲಿ ಓದುವ ಪದ್ಧತಿ ಈಚೆಗೆ ನಮ್ಮ ಮನೆಗಳಲ್ಲೂ ಕಾಣಿಸಿಕೊಂಡಿದೆ. ಇದು ಹೊರಗಿನಿಂದ ಬಂದ ಶೋಕಿಯೆಂದು ಕೆಲವು ಹಿರಿಯರು ಬೇಸರಪಡುತ್ತಾರೆ. ಆದರೆ ಮಾತು ಕೊಡುವುದು ನಮ್ಮ ವಿವಾಹವಿಧಿಗೆ ಹೊಸದೇನಲ್ಲ. ಧರ್ಮ, ಅರ್ಥ, ಕಾಮಗಳಲ್ಲಿ ಇವಳನ್ನು ಮೀರಿ ನಡೆಯುವುದಿಲ್ಲವೆಂದು ವರನು ‘ನಾತಿಚರಾಮಿ’ ಎನ್ನುತ್ತಾನೆ. ಸಪ್ತಪದಿಯ ಮೊದಲ ಹೆಜ್ಜೆ ಅನ್ನಕ್ಕಾದರೆ ಏಳನೆಯದು ಸಖ್ಯಕ್ಕೆ. ಕೊರತೆಯಿರುವುದು ಬೇರೆಡೆ: ಪುರೋಹಿತರು ಹೇಳಿಕೊಟ್ಟದ್ದನ್ನು ವರನು ಎಷ್ಟೋ ಸಲ ಅರ್ಥ ತಿಳಿಯದೆ ಒಪ್ಪಿಸುತ್ತಾನೆ, ವಧು ಬಹುಮಟ್ಟಿಗೆ ಮೌನವಾಗಿರುತ್ತಾಳೆ.

ಈ ಕೊರತೆಯನ್ನು ಕುವೆಂಪು ಅವರು ಬಹಳ ಹಿಂದೆಯೇ ಮನಗಂಡಿದ್ದರು. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಆಡಂಬರವಿಲ್ಲದ ಮಂತ್ರ ಮಾಂಗಲ್ಯದ ಕ್ರಮದಲ್ಲಿ ನೆರವೇರಿಸಿದರು. ಆ ಕ್ರಮದಲ್ಲಿ ವಧೂವರರಿಬ್ಬರೂ ತಿಳಿದು ಪ್ರತಿಜ್ಞೆ ಸ್ವೀಕರಿಸುತ್ತಾರೆ. 1954ರ ವಿಶೇಷ ವಿವಾಹ ಕಾಯ್ದೆಯೂ ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಗಂಡು ಹೆಣ್ಣು ಇಬ್ಬರೂ ತಮಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆಯ ಮಾತನ್ನು ಆಡಬೇಕೆನ್ನುತ್ತದೆ.

ಬರೆಯಲು ಕೂರುವ ಮುನ್ನ ಇಬ್ಬರೂ ಹಣದ ವಿಚಾರ, ತಂದೆತಾಯಿಯರ ಆರೈಕೆ, ಉದ್ಯೋಗ, ಮನೆಗೆಲಸ ಇವುಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತನಾಡಿಕೊಳ್ಳಬೇಕು. ‘ನಿನ್ನ ಕಣ್ಣಲ್ಲಿ ಎಂದೂ ನೀರು ಬರಿಸುವುದಿಲ್ಲ’ ಎಂಬ ಮಾತು ಕೇಳಲು ಇಂಪು, ಆದರೆ ಅದನ್ನು ಉಳಿಸಿಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಅದರ ಬದಲು ‘ನಿಮ್ಮ ತಾಯಿಯವರ ಔಷಧದ ಖರ್ಚನ್ನು ನಮ್ಮ ಮನೆಯ ಖರ್ಚೆಂದೇ ಬರೆದಿಡುತ್ತೇನೆ’ ಎಂದು ಸೊಸೆಯಾಗುವವಳೂ, ‘ಬೇರೆ ಊರಿಗೆ ವರ್ಗವಾಗುವ ಪ್ರಸಂಗ ಬಂದರೆ ನಿನ್ನನ್ನು ಕೇಳದೆ ಒಪ್ಪಿಕೊಳ್ಳುವುದಿಲ್ಲ’ ಎಂದು ವರನೂ ಹೇಳಿದರೆ, ನಾಳೆ ಅದು ನಡೆಯಿತೋ ಇಲ್ಲವೋ ಎಂಬುದು ಇಬ್ಬರಿಗೂ ಕಾಣುತ್ತದೆ. ಇಂಥ ಮೂರು ನಾಲ್ಕು ವಾಕ್ಯಗಳಿದ್ದರೆ ಧಾರಾಳವಾಯಿತು. ಮಕ್ಕಳು ಯಾವಾಗ, ಎಷ್ಟು ಎಂಬಂಥ ಗುಟ್ಟಿನ ಮಾತು ಛತ್ರದ ಧ್ವನಿವರ್ಧಕದಲ್ಲಿ ಬರಬೇಕಾಗಿಲ್ಲ. ಅದು ದಂಪತಿಗಳ ನಡುವೆಯೇ ಇರಲಿ. ಬರೆದದ್ದನ್ನು ನಾಲ್ಕೈದು ಸಲ ಗಟ್ಟಿಯಾಗಿ ಓದಿ, ನಾಲಗೆ ತೊಡರುವ ಕಡೆ ತಿದ್ದಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಆಡುವ ಕನ್ನಡ ಧಾರವಾಡದ್ದಾಗಲಿ, ಕುಂದಾಪುರದ್ದಾಗಲಿ, ಅದೇ ಅಲ್ಲಿ ಮೂಡಿಬರಲಿ.

ಇನ್ನು ಸಮಯದ ವಿಚಾರ. ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳ ಮೊಳಗುತ್ತದೆ, ಅಕ್ಷತೆ ಬೀಳುತ್ತದೆ. ಆಗ ಯಾರ ಮಾತೂ ಯಾರಿಗೂ ಕೇಳಿಸದು. ಸಪ್ತಪದಿ ಮುಗಿದ ಕೂಡಲೇ ಐದು ನಿಮಿಷ ಬಿಡುವು ಕೊಡುವಂತೆ ಪುರೋಹಿತರನ್ನೂ ವಾಲಗದವರನ್ನೂ ಮೊದಲೇ ವಿನಂತಿಸಿಕೊಳ್ಳಬೇಕು. ಮದುವೆಮನೆಯ ಗಡಿಬಿಡಿಯಲ್ಲಿ ಇದು ಮರೆತುಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಸೋದರಮಾವನಿಗೋ ಅಕ್ಕನಿಗೋ ಒಪ್ಪಿಸಿ, ಬರೆದ ಹಾಳೆಗಳನ್ನೂ ಹಿಂದಿನ ದಿನವೇ ಅವರ ಕೈಯಲ್ಲಿ ಕೊಟ್ಟಿರಬೇಕು.