ಪಾಸ್‌ವರ್ಡ್ ಮರೆತಿದ್ದೆ, ಎರರ್ ಓದುವುದನ್ನು ಮರೆತಿರಲಿಲ್ಲ

ಒಂಬತ್ತು ವರ್ಷದ ಮೇಲೆ ನಾನು ಸಾಫ್ಟ್‌ವೇರ್ ಕೆಲಸಕ್ಕೆ ವಾಪಸ್ ಹೋದದ್ದು ಹೇಗೆ ಅನ್ನುವುದೇ ಈ ವಿಡಿಯೋ. ಈಗ ಸ್ಕ್ರೀನ್ ಮೇಲೆ ಕಾಣುತ್ತಿದೆಯಲ್ಲ, ಆ ದಪ್ಪ ಕಪ್ಪು ಲ್ಯಾಪ್‌ಟಾಪ್, ಅದು ನಾನು ಕೆಲಸ ಬಿಟ್ಟ ವರ್ಷದ್ದು. 2014. ಬೀರುವಿನಲ್ಲಿ ಹಳೇ ಬಟ್ಟೆಗಳ ಕೆಳಗೆ ಮಲಗಿತ್ತು. ಚಾರ್ಜರ್ ಹುಡುಕಲು ಅರ್ಧ ಗಂಟೆ ಬೇಕಾಯಿತು, ಪಾಸ್‌ವರ್ಡ್ ನೆನಪಿಸಿಕೊಳ್ಳಲು ಅದಕ್ಕಿಂತ ಜಾಸ್ತಿ. ಕೊನೆಗೂ ಆನ್ ಆಯಿತು, ಆದ ಕೂಡಲೇ ಅಪ್‌ಡೇಟ್ ಅಂತ ಕೂತುಬಿಟ್ಟಿತು. ನಾನೂ ಅದರ ಎದುರು ಕೂತೆ. ಇಬ್ಬರಿಗೂ ಅದೇ ಕೆಲಸ ಬಾಕಿ ಇತ್ತು ಅನ್ನಿ.

ನಾನು ಏಳು ವರ್ಷ ಜಾವಾ ಡೆವಲಪರ್ ಆಗಿದ್ದೆ, ಅಂದರೆ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುವ ಕೆಲಸ. 2014ರ ಡಿಸೆಂಬರ್‌ನಲ್ಲಿ ಬಿಟ್ಟೆ. ಮಗಳಿಗೆ ಆಗ ಎಂಟು ತಿಂಗಳು. ಒಂದು ವರ್ಷ ಸಾಕು ಅಂದುಕೊಂಡಿದ್ದೆ, ಆಮೇಲೆ ಅಪ್ಪನ ಆರೋಗ್ಯ ಕೆಟ್ಟಿತು, ಆಮೇಲೆ ಇನ್ನೇನೋ, ಹೀಗೆ ಎಣಿಸಿದರೆ ಒಂಬತ್ತು ವರ್ಷ ನಾಲ್ಕು ತಿಂಗಳು. ಯಾಕೆ ಬಿಟ್ಟೆ ಅನ್ನುವ ಕಥೆ ಇವತ್ತು ಬೇಡ. ಬಿಟ್ಟವರಿಗೆಲ್ಲ ಅದು ಗೊತ್ತು, ಬಿಡದವರಿಗೆ ಹೇಳಿದರೂ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ವಾಪಸ್ ಹೋಗಬೇಕು ಅಂತ ನಿರ್ಧಾರ ಮಾಡಿದ ಮೇಲೆ ನಾನು ಮಾಡಿದ ಮೊದಲ ತಪ್ಪು ಈ ಶಾಟ್‌ನಲ್ಲಿದೆ, ನೋಡಿ. ಆ ನೋಟ್‌ಬುಕ್. ಕಲಿಯಬೇಕಾದ್ದು ಅಂತ ಮೇಲೆ ಬರೆದಿದ್ದೇನೆ, ಕೆಳಗೆ ಡಾಕರ್, ಕುಬರ್ನೆಟೀಸ್, ರಿಯಾಕ್ಟ್, ಕ್ಲೌಡ್, ಮೈಕ್ರೋಸರ್ವಿಸಸ್, ಕಾಫ್ಕಾ, ಪೈಥಾನ್, ಮಷೀನ್ ಲರ್ನಿಂಗ್. ಎರಡು ಪುಟ. ಯಾವ ಜಾಹೀರಾತು ಓದಿದರೂ ಪಟ್ಟಿಗೆ ಎರಡು ಹೆಸರು ಸೇರುತ್ತಿತ್ತು. ಹನ್ನೊಂದು ಕೋರ್ಸ್‌ಗೆ ಸೇರಿದೆ. ಒಂದನ್ನೂ ಕಾಲು ಭಾಗ ದಾಟಲಿಲ್ಲ. ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗೆ ಇರುತ್ತದೆ, ಅಲ್ವಾ? ಖಾಲಿ ಫೈಲ್ ತೆರೆದಾಗ ಕೈ ಓಡುವುದಿಲ್ಲ.

ಜಾವಾದ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ. ನಾನು ಬಿಟ್ಟಾಗ ಜಾವಾ 8 ಹೊಸದು, 2014ರ ಮಾರ್ಚ್‌ನಲ್ಲಿ ಬಂದಿತ್ತು. ನಮ್ಮ ಟೀಮ್ ಆಗಿನ್ನೂ 6ರಲ್ಲೇ ಇತ್ತು. ಕೆಲಸಕ್ಕೆ ಸೇರುವ ಹೊತ್ತಿಗೆ ನೋಡಿದರೆ 22! ಹದಿನಾಲ್ಕು ವರ್ಷನ್ ನಾನಿಲ್ಲದೆ ಮುಂದೆ ಹೋಗಿಬಿಟ್ಟಿದೆ ಅನ್ನಿಸಿತು. ಆಮೇಲೆ ಗೊತ್ತಾಯಿತು, 2017ರಲ್ಲಿ ಜಾವಾ 9 ಬಂದ ಮೇಲೆ ಆರು ತಿಂಗಳಿಗೊಂದರಂತೆ ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಹೊಸ ವರ್ಷನ್ ಬಿಡುತ್ತಾರೆ, ಅದಕ್ಕೇ ಸಂಖ್ಯೆ ಹಾಗೆ ಓಡಿದೆ. ಕಂಪನಿಗಳು ಸಾಮಾನ್ಯವಾಗಿ ಬಳಸುವುದು ದೀರ್ಘಕಾಲದ ಬೆಂಬಲ ಇರುವ ವರ್ಷನ್‌ಗಳನ್ನಷ್ಟೇ, ಆಗ ಅವು 8, 11, 17, 21. ದಿನಾ ಬೇಕಾಗುವ ಹೊಸತು ಅಂದರೆ ಲೂಪ್ ಬದಲು ಚಿಕ್ಕದಾಗಿ ಬರೆಯಲು 8ರ ಲ್ಯಾಂಬ್ಡಾ ಮತ್ತು ಸ್ಟ್ರೀಮ್, ಬರೆಯುವ ಸಾಲು ಕಡಿಮೆ ಮಾಡುವ 10ರ ‘ವಾರ್’, 16ರ ‘ರೆಕಾರ್ಡ್’, ಇನ್ನೊಂದೆರಡು. ಮೂರು ವಾರದ ಸಂಜೆಗಳು ಸಾಕಾದವು. ಒಂಬತ್ತು ವರ್ಷದ ಭಯಕ್ಕೆ ಮೂರು ವಾರ.

ಆದರೆ ಇದು ಗೊತ್ತಾಗುವ ಮೊದಲೇ ಒಂದು ಇಂಟರ್‌ವ್ಯೂಗೆ ಹೋಗಿ ಬಂದಿದ್ದೆ. ಕಂಪನಿ ಹೆಸರು ಬೇಡ. ಎದುರಿದ್ದವರು ಕ್ಯಾಮೆರಾ ಹಾಕಿರಲಿಲ್ಲ, ನಾನು ಒಂದು ಕಪ್ಪು ಚೌಕದ ಜೊತೆ ಮಾತಾಡುತ್ತಿದ್ದೆ. ಮೊದಲ ಪ್ರಶ್ನೆಯೇ, ಈ ಒಂಬತ್ತು ವರ್ಷ ಏನು ಮಾಡುತ್ತಿದ್ದಿರಿ? ನಾನು ಸಾರಿ ಅಂತ ಶುರು ಮಾಡಿದೆ. ಸಾರಿ, ಮನೆಯಲ್ಲಿ ಹೀಗಾಯಿತು, ಹಾಗಾಯಿತು, ಆದರೆ ಕೋರ್ಸ್ ಮಾಡುತ್ತಿದ್ದೇನೆ, ಬೇಗ ಕಲಿಯುತ್ತೇನೆ, ಅಂತ ನಾಲ್ಕು ನಿಮಿಷ. ಕೇಳದ ಪ್ರಶ್ನೆಗೂ ಉತ್ತರ ಕೊಟ್ಟೆ. ಆಮೇಲೆ ಒಂದು ಲಿಸ್ಟಿನಿಂದ ಕೆಲವು ಹೆಸರು ಬೇರೆ ಮಾಡಲು ಹೇಳಿದರು, ನಾನು ಒಂದೊಂದನ್ನೇ ತೆಗೆದು ನೋಡುವ ಫಾರ್ ಲೂಪ್ ಬರೆದೆ, ಉತ್ತರ ಸರಿಯಾಗಿತ್ತು. ಇದು ತುಂಬಾ ಹಳೇ ಶೈಲಿ ಅಂದರು. ಅಷ್ಟೇ. ಆ ರಾತ್ರಿ ನೋಟ್‌ಬುಕ್ಕಿನ ಪಟ್ಟಿಗೆ ಇನ್ನೂ ಐದು ಹೆಸರು ಸೇರಿಸಿ ಮಲಗಿದೆ.

ಪಟ್ಟಿ ಕೈಬಿಟ್ಟದ್ದು ಬುದ್ಧಿ ಬಂದು ಅಲ್ಲ, ಬೇಜಾರು ಬಂದು.

ಅಪ್ಪನ ಮಾತ್ರೆಗಳ ಲೆಕ್ಕವನ್ನು ನಾನು ವರ್ಷಗಳಿಂದ ಒಂದು ಎಕ್ಸೆಲ್ ಶೀಟಿನಲ್ಲಿ ಇಡುತ್ತಿದ್ದೆ. ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ, ಯಾವುದು ಇನ್ನು ಎಷ್ಟು ದಿನಕ್ಕೆ ಖಾಲಿ. ಒಂದು ದಿನ ಕೋರ್ಸ್ ನೋಡಲು ಮನಸ್ಸಿಲ್ಲದೆ, ಸುಮ್ನೆ ಈ ಶೀಟನ್ನೇ ಒಂದು ಸಣ್ಣ ಅಪ್ಲಿಕೇಶನ್ ಮಾಡಿದರೆ ಹೇಗೆ ಅಂತ ಶುರು ಮಾಡಿದೆ. ಜಾವಾ ಅಪ್ಲಿಕೇಶನ್ ಬೇಗ ಕಟ್ಟಲು ಸಿಗುವ ಸ್ಪ್ರಿಂಗ್ ಬೂಟ್, ಒಂದು ಡೇಟಾಬೇಸ್, ಎರಡು ಟೇಬಲ್. ಈ ಶಾಟ್‌ನಲ್ಲಿ ಕೆಂಪು ಅಕ್ಷರ ತುಂಬಿದ ಸ್ಕ್ರೀನ್ ಕಾಣುತ್ತಿದೆಯಲ್ಲ, ಅದು ಎರಡನೇ ದಿನದ್ದು.

ಏನಾಗಿತ್ತು ಅಂದರೆ, ನಾನು ನೋಡಿಕೊಂಡು ಬರೆಯುತ್ತಿದ್ದ ಪಾಠ 2019ರದ್ದು. ಅದರಲ್ಲಿ ಇಂಪೋರ್ಟ್ ಸಾಲುಗಳು, ಅಂದರೆ ಸಿದ್ಧ ಕೋಡನ್ನು ಹೆಸರು ಹೇಳಿ ಕರೆಸಿಕೊಳ್ಳುವ ಸಾಲುಗಳು, ಎಲ್ಲ ಜಾವಾಎಕ್ಸ್ ಅಂತ ಶುರುವಾಗುತ್ತಿದ್ದವು, ನಮ್ಮ ಕಾಲದ ಹಾಗೆಯೇ. ಕಂಪೈಲ್ ಆಗಲಿಲ್ಲ, ಅಂದರೆ ಕೋಡ್ ಓಡಿಸುವ ರೂಪಕ್ಕೇ ಬರಲಿಲ್ಲ. ಎಐ ಸಹಾಯಕನನ್ನು ಕೇಳಿದೆ, ಇಂಥ ಹಳೇ ಲೈಬ್ರರಿ ಸೇರಿಸಿ ಅಂತ ತುಂಬಾ ಧೈರ್ಯವಾಗಿ ಹೇಳಿತು. ಸೇರಿಸಿದೆ, ಕಂಪೈಲ್ ಆಯಿತು, ರನ್ ಮಾಡಿದ ಕೂಡಲೇ ಬಿದ್ದುಹೋಯಿತು. ಮತ್ತೆ ಕೇಳಿದೆ, ಬೇರೆ ಏನೋ ಹೇಳಿತು. ಎರಡು ಸಂಜೆ ಹೀಗೇ ಹೋಯಿತು. ಕೊನೆಗೆ ಕೇಳುವುದು ಬಿಟ್ಟು, ಹಳೇ ದಿನಗಳಲ್ಲಿ ಮಾಡುತ್ತಿದ್ದ ಹಾಗೆ, ಎರರ್ ಎಲ್ಲಿಂದ ಬಂತು ಅಂತ ತೋರಿಸುವ ಸ್ಟ್ಯಾಕ್ ಟ್ರೇಸಿನ ತೀರಾ ಕೆಳಗೆ ಹೋಗಿ, ಮೂಲ ಕಾರಣ ಹೇಳುವ ಕೊನೆಯ ‘ಕಾಸ್ಡ್ ಬೈ’ ಸಾಲು ಓದಿದೆ. ‘ನಾಟ್ ಎ ಮ್ಯಾನೇಜ್ಡ್ ಟೈಪ್’ ಅಂತಿತ್ತು. ಅಂದರೆ ಟೇಬಲ್‌ಗೆ ಅಂತ ನಾನು ಬರೆದ ಕ್ಲಾಸ್ ಸ್ಪ್ರಿಂಗ್ ಬೂಟ್‌ನ ಕಣ್ಣಿಗೆ ಟೇಬಲ್ ಅಂತಲೇ ಕಾಣುತ್ತಿಲ್ಲ. ಗುರುತಿನ ಚೀಟಿ ಇದೆ, ಆದರೆ ಹಳೇ ಚೀಟಿ.

ಕಾರಣ ಹುಡುಕಿದಾಗ ನಗು ಬಂತು. ಕಂಪನಿಗಳ ದೊಡ್ಡ ಅಪ್ಲಿಕೇಶನ್‌ಗಳಿಗೆ ಬೇಕಾದ ಜಾವಾ ಭಾಗ, ಜಾವಾ ಇಇ, ಅದನ್ನು 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್ ಅನ್ನುವ ಸಂಸ್ಥೆಗೆ ಬಿಟ್ಟುಕೊಡುವುದೆಂದು ತೀರ್ಮಾನವಾಯಿತಂತೆ, ಆದರೆ ಜಾವಾಎಕ್ಸ್ ಅನ್ನುವ ಹೆಸರನ್ನು ಮುಂದೆ ಬೆಳೆಸುವ ಹಕ್ಕು ಜೊತೆಗೆ ಬರಲಿಲ್ಲ. ಅದಕ್ಕೆ 2020ರಲ್ಲಿ ಜಕಾರ್ತಾ ಇಇ 9 (ಜಾವಾ ಇಇಯ ಹೊಸ ಹೆಸರು ಜಕಾರ್ತಾ ಇಇ) ಬರುವಾಗ ಪ್ಯಾಕೇಜ್ ಹೆಸರನ್ನೆಲ್ಲ ಜಕಾರ್ತಾ ಅಂತ ಬದಲಿಸಿದರು. 2022ರ ನವೆಂಬರ್‌ನ ಸ್ಪ್ರಿಂಗ್ ಬೂಟ್ 3 ಆ ಹೊಸ ಹೆಸರನ್ನೇ ಕೇಳುತ್ತದೆ. ಕೋಡ್ ಅದೇ, ಕೆಲಸ ಅದೇ, ಹೆಸರು ಮಾತ್ರ ಬೇರೆ. ಇಂಪೋರ್ಟ್ ಬದಲಿಸಿದೆ, ಓಡಿತು. ರಾತ್ರಿ ಹನ್ನೊಂದೂವರೆ. ಮಗಳನ್ನು ಎಬ್ಬಿಸಿ ತೋರಿಸಿದೆ. "ಅಮ್ಮಾ, ಇದರಲ್ಲಿ ಏನೂ ಇಲ್ಲವಲ್ಲ" ಅಂದು ಮತ್ತೆ ಮಲಗಿದಳು. ಅವಳು ಹೇಳಿದ್ದು ಸರಿ, ಬಿಳೀ ಪುಟದ ಮೇಲೆ ಒಂದು ಮಾತ್ರೆಯ ಹೆಸರು ಅಷ್ಟೇ ಇತ್ತು.

ಆದರೆ ಆ ದಿನ ನನಗೆ ಒಂದು ಗೊತ್ತಾಯಿತು. ನಾನು ಕಳೆದುಕೊಂಡಿದ್ದೇನೆ ಅಂದುಕೊಂಡಿದ್ದು ಬಹುಪಾಲು ಹೆಸರುಗಳು. ಎರರ್ ಬಂದಾಗ ಗಾಬರಿಯಾಗದೆ ಕೆಳಗಿನಿಂದ ಮೇಲಕ್ಕೆ ಓದುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು, ಇದು ಹೋಗಿರಲಿಲ್ಲ. ವರ್ಷಗಳ ಮೇಲೆ ಸೈಕಲ್ ಹತ್ತಿದರೂ ಓಡಿಸಲು ಬರುತ್ತದಲ್ಲ, ಹಾಗೆ.

ಆ ಅಪ್ಲಿಕೇಶನ್ನನ್ನು ಅಪ್ಪ ಇವತ್ತಿನವರೆಗೂ ಬಳಸಿಲ್ಲ. ಕಾಗದದ ಪಟ್ಟಿಯೇ ಬೇಕು ಅವರಿಗೆ. ಇರಲಿ.

ಮುಂದಿನ ಇಂಟರ್‌ವ್ಯೂಗಳಲ್ಲಿ ಗ್ಯಾಪ್ ಬಗ್ಗೆ ನನ್ನ ಉತ್ತರ ಎರಡೇ ವಾಕ್ಯ. ಮನೆಯವರನ್ನು ನೋಡಿಕೊಳ್ಳಲು ಬಿಟ್ಟಿದ್ದೆ, ಈಗ ಆ ಜವಾಬ್ದಾರಿ ಕಡಿಮೆಯಾಗಿದೆ. ಅದಾದ ಮೇಲೆ ನೇರವಾಗಿ ಮಾತ್ರೆ ಅಪ್ಲಿಕೇಶನ್, ಆ ಎರಡು ಸಂಜೆಯ ಕಥೆ. ರೆಸ್ಯೂಮೆಯಲ್ಲೂ ಗ್ಯಾಪ್ ಮುಚ್ಚಲಿಲ್ಲ. ಲಿಂಕ್ಡ್‌ಇನ್‌ನಲ್ಲಿ 2022ರಿಂದ ಕರಿಯರ್ ಬ್ರೇಕ್ ಅಂತಲೇ ಹಾಕುವ ಜಾಗ ಇದೆ, ಅಲ್ಲಿ ಹಾಗೇ ಬರೆದೆ. ಫ್ರೀಲಾನ್ಸ್ ಅಂತ ಸುಳ್ಳು ತುಂಬಿಸಿ ಅಂತ ಸಲಹೆ ಕೊಟ್ಟವರಿದ್ದಾರೆ. ದಯವಿಟ್ಟು ಬೇಡ, ಮೂರನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ರಿಟರ್ನ್‌ಶಿಪ್ ಬಗ್ಗೆ ತುಂಬಾ ಜನ ಕೇಳುತ್ತೀರಿ. ಬ್ರೇಕ್ ತೆಗೆದುಕೊಂಡವರಿಗೆ ಅಂತಲೇ ಕೆಲವು ತಿಂಗಳ ಕೆಲಸ, ಜೊತೆಗೆ ತರಬೇತಿ. ಗೋಲ್ಡ್‌ಮನ್ ಸ್ಯಾಕ್ಸ್ 2008ರಲ್ಲಿ ಈ ಹೆಸರಿನಲ್ಲಿ ಶುರು ಮಾಡಿತ್ತು, ಈಗ ಹಲವು ಕಂಪನಿಗಳಲ್ಲಿದೆ. ಒಳ್ಳೆಯದೇ. ಆದರೆ ಸೇರುವ ಮೊದಲು ಸಂಬಳ ಇದೆಯಾ, ಮುಗಿದ ಮೇಲೆ ಎಷ್ಟು ಜನರನ್ನು ಖಾಯಂ ಮಾಡಿಕೊಂಡಿದ್ದಾರೆ, ನಿಜವಾದ ಟೀಮಿನಲ್ಲಿ ನಿಜವಾದ ಟಿಕೆಟ್, ಅಂದರೆ ನಮ್ಮ ಹೆಸರಿಗೆ ಒಪ್ಪಿಸುವ ಕೆಲಸ, ಕೊಡುತ್ತಾರಾ, ಇಷ್ಟನ್ನು ಕೇಳಿಯೇ ಸೇರಿ. ನನಗೆ ಸಿಕ್ಕಿದ್ದು ನೇರ ಕೆಲಸ, ಬಿಟ್ಟಾಗ ಇದ್ದ ಹುದ್ದೆಗಿಂತ ಒಂದು ಮೆಟ್ಟಿಲು ಕೆಳಗೆ. ಬೇಜಾರಾಯಿತಾ ಅಂದರೆ, ಆಯಿತು. ಒಪ್ಪಿಕೊಂಡೆ. ಒಂದು ವರ್ಷಕ್ಕೆ ಹುದ್ದೆಯನ್ನು ಮತ್ತೆ ಪರಿಶೀಲಿಸುತ್ತೇವೆ ಅನ್ನುವುದನ್ನು ಮಾತ್ರ ಮೇಲ್‌ನಲ್ಲಿ ಬರೆಸಿಕೊಂಡೆ. ಬಾಯಿಮಾತು ಸಾಕಾಗುವುದಿಲ್ಲ ನೋಡಿ, ಮ್ಯಾನೇಜರ್‌ಗಳು ಬದಲಾಗುತ್ತಾರೆ.

ಮೊದಲ ವಾರದ ಒಂದು ಮಾನ ಹೋದ ಪ್ರಸಂಗ ಹೇಳಲೇಬೇಕು. ಕೋಡಿನ ಬದಲಾವಣೆಗಳನ್ನು ಉಳಿಸಿ ಹಂಚಿಕೊಳ್ಳಲು ನಾವು ಆಗ ಬಳಸುತ್ತಿದ್ದದ್ದು ಎಸ್‌ವಿಎನ್, ಅದರಲ್ಲಿ ಕಮಿಟ್ ಅಂದರೆ ಕೋಡ್ ನೇರ ಸರ್ವರ್‌ಗೆ. ಈಗ ಅದರ ಜಾಗದಲ್ಲಿರುವ ಗಿಟ್‌ನಲ್ಲಿ ಕಮಿಟ್ ನಮ್ಮ ಮಷೀನಿನಲ್ಲೇ ಉಳಿಯುತ್ತದೆ, ಪುಷ್ ಮಾಡಿದರೆ ಮಾತ್ರ ಬೇರೆಯವರಿಗೆ ಕಾಣುತ್ತದೆ. ಇದು ನನಗೆ ಗೊತ್ತಿತ್ತು, ಓದಿದ್ದೆ. ಆದರೂ ಕೈಗೆ ಹಳೇ ಅಭ್ಯಾಸ. ಯಾರ ಕೆಲಸ ಎಲ್ಲಿಗೆ ಬಂತು ಅಂತ ದಿನಾ ಹೇಳುವ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಮುಗಿಸಿದ್ದೇನೆ ಅಂತ ಎರಡು ದಿನ ಗಟ್ಟಿಯಾಗಿ ಹೇಳಿದೆ. ಮೂರನೇ ದಿನ ನನಗಿಂತ ಹದಿನಾಲ್ಕು ವರ್ಷ ಚಿಕ್ಕ ಹುಡುಗ, ನನ್ನ ಟೀಮ್ ಲೀಡ್, ಬೇರೆಯಾಗಿ ಮೆಸೇಜ್ ಮಾಡಿದ. "ಮೇಡಂ, ನಿಮ್ಮ ಬ್ರಾಂಚ್ ಎಲ್ಲೂ ಕಾಣುತ್ತಿಲ್ಲ." ಬ್ರಾಂಚ್ ಅಂದರೆ ನನ್ನ ಬದಲಾವಣೆಗಳಿರುವ ಕೋಡ್, ಅದನ್ನು ನಾನು ಪುಷ್ ಮಾಡಿರಲೇ ಇಲ್ಲ. ಎಲ್ಲರ ಮುಂದೆ ಕೇಳಲಿಲ್ಲವಲ್ಲ, ಅದಕ್ಕೆ ಅವನಿಗೆ ಈಗಲೂ ಋಣಿ.

ಈಗ ಮೂರು ತಿಂಗಳಾಗಿದೆ. ಕೊನೆಯ ಶಾಟ್ ಹೋದ ವಾರದ್ದು. ಒಬ್ಬರ ಕೋಡ್ ರಿವ್ಯೂ ಮಾಡಲು ನನಗೂ ಕಳಿಸಿದ್ದರು. ಆರ್ಡರ್‌ಗಳ ಪಟ್ಟಿ ತೋರಿಸುವ ಪುಟ, ಪ್ರತಿ ಆರ್ಡರ್‌ನ ಪಕ್ಕ ಗ್ರಾಹಕರ ಹೆಸರು. ಕೋಡ್ ತುಂಬಾ ಚೆಂದ, ಎಲ್ಲ ಸ್ಟ್ರೀಮ್, ಎಲ್ಲ ಹೊಸ ಶೈಲಿ. ಆದರೆ ಲಾಗ್ ನೋಡಿದರೆ ಪಟ್ಟಿಗೆ ಒಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ), ಆಮೇಲೆ ಹೆಸರಿಗೆ ಅಂತ ಆರ್ಡರ್‌ಗೊಂದು ಕ್ವೆರಿ. ಟೆಸ್ಟ್ ಡೇಟಾದಲ್ಲಿ ಐದೇ ಆರ್ಡರ್ ಇದ್ದುದರಿಂದ ಯಾರಿಗೂ ಗೊತ್ತಾಗಿಲ್ಲ. ಎನ್ ಪ್ಲಸ್ ಒನ್! ಪಟ್ಟಿಗೆ ಒಂದು, ಅದರಲ್ಲಿರುವ ಎನ್ ಸಾಲುಗಳಿಗೆ ಎನ್, ಅದಕ್ಕೇ ಈ ತಪ್ಪಿಗೆ ಆ ಹೆಸರು. 2010ರಲ್ಲಿ ಇದರಿಂದಲೇ ನಾನು ಒಂದು ರಾತ್ರಿ ಪೂರ್ತಿ ಆಫೀಸಿನಲ್ಲಿ ಕೂತಿದ್ದೆ. ಹಳೇ ಪರಿಚಯದವರು ಸಂತೆಯಲ್ಲಿ ಸಿಕ್ಕ ಹಾಗಾಯಿತು.

ಕಾಮೆಂಟ್ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಶುರುವಿನಲ್ಲಿದ್ದ ಸಾರಿಯನ್ನು ತೆಗೆದೆ. "200 ಆರ್ಡರ್ ಇದ್ದರೆ ಇಲ್ಲಿ 201 ಕ್ವೆರಿ ಹೋಗುತ್ತದೆ, ಜಾಯಿನ್ ಫೆಚ್ ಹಾಕಿದರೆ ಒಂದೇ ಸಾಕು." ಅಂದರೆ ಆರ್ಡರ್, ಹೆಸರು ಎರಡನ್ನೂ ಒಟ್ಟಿಗೆ ತರುವುದು. ಹತ್ತು ನಿಮಿಷಕ್ಕೆ ಒಂದು ಹೆಬ್ಬೆರಳಿನ ಎಮೋಜಿ ಬಂತು, ಮಾರನೇ ದಿನ ಸರಿಮಾಡಿ ಮರ್ಜ್ ಮಾಡಿದರು, ಅಂದರೆ ಮುಖ್ಯ ಕೋಡಿಗೆ ಸೇರಿಸಿದರು. ನನ್ನ ಸ್ವಂತ ಟಿಕೆಟ್ ಮಾತ್ರ ಇನ್ನೂ ‘ಇನ್ ಪ್ರೋಗ್ರೆಸ್’ ಕಾಲಮ್ಮಿನಲ್ಲೇ ಇದೆ, ಇವತ್ತಿಗೆ ಆರನೇ ದಿನ. ಈ ಸಲ ಪುಷ್ ಮಾಡಿದ್ದೇನೆ, ಎರಡು ಸಲ ನೋಡಿದ್ದೇನೆ.