ಆಫೀಸ್ 2016 ಬಂದ್ ಆಯ್ತಾ? ಡಿಟಿಪಿ ಅಂಗಡಿಯವರು ಒಮ್ಮೆ ನೋಡಿ

[ಸ್ಕ್ರೀನ್ ಮೇಲೆ: 14 ಅಕ್ಟೋಬರ್ 2025]

ನಮಸ್ಕಾರ. ಬಾಗಲಕೋಟೆ ನವನಗರದ ಡಿಟಿಪಿ ಅಂಗಡಿಗಳಲ್ಲಿ ಈಗ ಒಂದೇ ಪ್ರಶ್ನೆ: "ಆಫೀಸ್ 2016 ಬಂದ್ ಆಗ್ಯದಂತ, ಖರೇನ್ರೀ? ಹೊಸಾದು ತಗೋಬೇಕೇನು?"

ಬಂದ್ ಆಗಿಲ್ಲ. 2016 ಮತ್ತು 2019, ಎರಡಕ್ಕೂ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸಿತು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿದದ್ದೂ ಅವತ್ತೇ. ನಿಮ್ಮ ವರ್ಡ್ ಇವತ್ತೂ ತೆರೆಯುತ್ತದೆ, ಪ್ರಿಂಟೂ ಹೋಗುತ್ತದೆ. ಆದರೆ ಅದರಲ್ಲಿ ಹೊಸದಾಗಿ ಭದ್ರತೆಯ ತೂತು ಸಿಕ್ಕರೆ ಮುಚ್ಚುತ್ತಾರೆ ಅನ್ನುವ ಖಾತ್ರಿ ಇಲ್ಲ. ಇಷ್ಟನ್ನು ಬಿಡಿಸಿ ಹೇಳದೆ, "ನಾಳೆಯಿಂದ ಓಡಲ್ಲ" ಅಂತ ಹೆದರಿಸಿ ಮಾರುತ್ತಾರಲ್ಲ, ನನ್ನ ಸಿಟ್ಟೆಲ್ಲ ಅವರ ಮೇಲೆ.

ಮಾರುವುದು ಹೆಚ್ಚಾಗಿ ಮೈಕ್ರೋಸಾಫ್ಟ್ 365. ಅದೂ ಆಫೀಸೇ, ಆದರೆ ಖರೀದಿಯಲ್ಲ, ಬಾಡಿಗೆ. ಚಂದಾ ಕಟ್ಟದಿದ್ದರೆ ಫೈಲ್ ನೋಡಬಹುದು, ಪ್ರಿಂಟ್ ತೆಗೆಯಬಹುದು, ತಿದ್ದಲು ಬಿಡುವುದಿಲ್ಲ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಆಫೀಸ್ 2024 ಕೂಡ ಇದೆ. ಅದನ್ನು ನೀವೇ ಬಾಯಿಬಿಟ್ಟು ಕೇಳಬೇಕು!

ನಮ್ಮ ಕಡೆಯ ಅಸಲಿ ತಲೆನೋವು ಬೇರೆ.

[ಸ್ಕ್ರೀನ್: ವರ್ಡ್‌ನಲ್ಲಿ ತೆರೆದ ವಾಟ್ನಿ ಪತ್ರ]

ಇಲ್ಲಿನ ಎಷ್ಟೋ ಅಂಗಡಿಗಳಲ್ಲಿ ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಕರಾರು, ಅಫಿಡವಿಟ್ ಎಲ್ಲ ಇನ್ನೂ ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲೇ ಇವೆ. ನುಡಿ ಅಂದರೆ ಕನ್ನಡ ಗಣಕ ಪರಿಷತ್ತು ಮಾಡಿದ ಕನ್ನಡ ಟೈಪಿಂಗ್ ಸಾಫ್ಟ್‌ವೇರ್. ಈ ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಸಣ್ಣ 'ಡಿ' ಇದ್ದರೆ 'ಜ', ಕ್ಯಾಪಿಟಲ್ 'ಡಿ' ಇದ್ದರೆ 'ಆ'.

ಈಗ ಹೊಸ ಮೆಷಿನ್, ಹೊಸ ವರ್ಡ್ ಬಂತು ಅನ್ನಿ. ವಾಕ್ಯದ ಮೊದಲಕ್ಷರವನ್ನು ತಾನೇ ಕ್ಯಾಪಿಟಲ್ ಮಾಡುವ ಆಟೋಕರೆಕ್ಟ್ ಅದರಲ್ಲಿ ಆನ್ ಇರುತ್ತದೆ. ನೀವು 'ಜಮೀನು' ಅಂತ ಹೊಡೆದು ಸ್ಪೇಸ್ ಒತ್ತಿದರೆ 'ಆಮೀನು' ಆಗಿ ಕೂರುತ್ತದೆ. ಬಾಂಡ್ ಪೇಪರ್ ಮೇಲೆ ಪ್ರಿಂಟ್ ಆದ ಮೇಲೆ ಗಿರಾಕಿ ಬೈಯುವುದು ನಿಮ್ಮನ್ನೇ, ವರ್ಡನ್ನಲ್ಲ.

ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್‌ಗೆ ಹೋಗಿ. 'ಕ್ಯಾಪಿಟಲೈಸ್ ಫಸ್ಟ್ ಲೆಟರ್ ಆಫ್ ಸೆಂಟೆನ್ಸಸ್' ಮುಂದಿನ ಟಿಕ್ ತೆಗೆಯಿರಿ. ಹೊಸ ಪತ್ರಗಳನ್ನಾದರೂ ಫೈಲಿನೊಳಗೇ ಕನ್ನಡ ಅಕ್ಷರ ಇಡುವ ಯೂನಿಕೋಡ್‌ನಲ್ಲಿ ಮಾಡಿ. ಆಗ ಈ ರಗಳೆಯೇ ಇಲ್ಲ, ಗಿರಾಕಿಯ ಮೊಬೈಲ್‌ನಲ್ಲೂ ಅಕ್ಷರ ಸರಿಯಾಗಿ ಕಾಣುತ್ತವೆ.

ಮೈಕ್ರೋಸಾಫ್ಟ್ ಆಫೀಸ್ ಬದಲಿಗೆ ಬಳಸಬಹುದಾದ ಲಿಬ್ರೆ ಆಫೀಸ್ ಪುಕ್ಕಟೆ. ವರ್ಡ್ ಫೈಲ್ ತೆರೆಯುತ್ತದೆ, ಆದರೆ ಸಾಲು ಅಲ್ಲಿ ಇಲ್ಲಿ ಜಾರಬಹುದು. ಸಾದಾ ಹಾಳೆಯ ಮೇಲೆ ಒಂದು ಪ್ರಿಂಟ್ ತೆಗೆದು ನೋಡಿ.

ಹಾಗಾದರೆ ಅಪ್‌ಗ್ರೇಡ್ ಬೇಡವೇ ಬೇಡವಾ? ಗಿರಾಕಿಗಳು ತರುವ ಪೆನ್‌ಡ್ರೈವ್, ಮೇಲ್‌ನಲ್ಲಿ ಬರುವ ಫೈಲ್ ತೆರೆಯುವ ಮೆಷಿನ್‌ನಲ್ಲೇ ಬ್ಯಾಂಕ್ ವ್ಯವಹಾರವನ್ನೂ ಮಾಡ್ತೀರಾ? ಹಾಗಿದ್ದರೆ ತಡ ಮಾಡಬೇಡಿ, ಬದಲಾಯಿಸಿ. ಅದಕ್ಕೂ ಮುಂಚೆ ಹಳೇ ಫೈಲುಗಳ ಜೊತೆ ನುಡಿ ಫಾಂಟ್‌ಗಳನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಬರೀ ಫೈಲ್ ತಂದರೆ ಹೊಸ ಮೆಷಿನ್‌ನಲ್ಲಿ ಒಂದಕ್ಷರವೂ ಓದಲು ಬರುವುದಿಲ್ಲ.