ಕುಮಾನೊಗೆ ನಡೆದೇ ಹೋಗಿ

ಕೇಳುಗರೆಲ್ಲರಿಗೂ ನಮಸ್ಕಾರ. ಜಪಾನಿಗೆ ಹೊರಟವರು ನನ್ನನ್ನು ಆಗಾಗ ಕೇಳುತ್ತಾರೆ, ಕುಮಾನೊ ದೇವಸ್ಥಾನಗಳಿಗೆ ಬಸ್ಸಿದೆಯಾ ಅಂತ. ಇದೆ. ಆದರೆ ದಯವಿಟ್ಟು ನಡೆದು ಹೋಗಿ.

ಒಸಾಕಾದ ದಕ್ಷಿಣಕ್ಕೆ ಕೀ ಎಂಬ ಬೆಟ್ಟಗುಡ್ಡಗಳ ಸೀಮೆ. ಜೋರು ಮಳೆ, ದಟ್ಟ ಕಾಡು. ಅಲ್ಲಿ ಹೊಂಗು, ಹಯತಾಮ, ನಾಚಿ ಎಂಬ ಮೂರು ದೊಡ್ಡ ದೇವಸ್ಥಾನಗಳಿವೆ. ಅವುಗಳಿಗೆ ಹೋಗುವ ಹಳೆಯ ಹಾದಿಗಳೇ ಕುಮಾನೊ ಕೊಡೊ. ಸಿಂಹಾಸನ ಬಿಟ್ಟುಕೊಟ್ಟ ಚಕ್ರವರ್ತಿ ಗೊ-ಶಿರಕಾವ ಕ್ಯೋಟೊದಿಂದ ಇಲ್ಲಿಗೆ 30ಕ್ಕೂ ಹೆಚ್ಚು ಸಲ ಬಂದ. 2004ರಲ್ಲಿ ಯುನೆಸ್ಕೊ ಈ ಹಾದಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ಕಥೆ ಹೇಳಲೇಬೇಕು. ಸುಮಾರು ಸಾವಿರ ವರ್ಷದ ಹಿಂದೆ ಇಜುಮಿ ಶಿಕಿಬು ಎಂಬ ದೊಡ್ಡ ಕವಯಿತ್ರಿ ಇದ್ದಳು. ಅವಳು ಬೆಟ್ಟಗಳನ್ನು ಹತ್ತಿಳಿದು ಫುಶಿಒಗಾಮಿ ಎಂಬಲ್ಲಿಗೆ ಬಂದಳಂತೆ. ದೂರದಲ್ಲಿ, ಕಣಿವೆಯಲ್ಲಿ, ಹೊಂಗು ದೇವಸ್ಥಾನ ಮೊದಲ ಸಲ ಕಾಣುವ ಜಾಗ ಅದು. ಯಾತ್ರಿಕರು ಅಲ್ಲೇ ಅಡ್ಡಬೀಳುತ್ತಿದ್ದರು. ಅಷ್ಟು ಹತ್ತಿರ ಬಂದಾಗ ಅವಳು ಮುಟ್ಟಾದಳು. ಇನ್ನು ಒಳಗೆ ಹೋಗುವಂತಿಲ್ಲ ಅಂದುಕೊಂಡು, ಆ ಸಂಕಟವನ್ನೇ ಒಂದು ಪದ್ಯ ಮಾಡಿದಳು. ರಾತ್ರಿ ಕನಸಿನಲ್ಲಿ ಕುಮಾನೊ ದೇವರು ಪದ್ಯದಲ್ಲೇ ಉತ್ತರ ಕೊಟ್ಟ. ನಾನೇ ಈ ಲೋಕದ ಧೂಳಿನಲ್ಲಿ ಬೆರೆತವನು, ಮುಟ್ಟಾದರೇನು, ಬಾ ಅಂದ. ಅವಳು ಹೋಗಿ ಕೈಮುಗಿದಳು. ಹೆಂಗಸರು, ಗಂಡಸರು, ದೊಡ್ಡವರು, ಬಡವರು, ಎಲ್ಲರನ್ನೂ ಕರೆದ ದೇವರು ಇವನು. ಅವಳ ನೆನಪಿಗೆ ಫುಶಿಒಗಾಮಿಯಲ್ಲಿ ಒಂದು ಪುಟ್ಟ ಕಲ್ಲಿನ ಗೋಪುರವಿದೆ. ಬಸ್ಸಿನಲ್ಲಿ ಸೀದಾ ಹೊಂಗು ಬಾಗಿಲಿಗೆ ಇಳಿದವರಿಗೆ ಇದು ಹೇಗೆ ಸಿಗಬೇಕು ಹೇಳಿ?

ಕಾಲು ನೋವು ಅನ್ನುತ್ತೀರಾ? ಬೆಟ್ಟದ ಹಾದಿ ಶುರುವಾಗುವ ತಕಿಜಿರಿಯಿಂದ ಹೊಂಗುವರೆಗಿನ 38 ಕಿಲೋಮೀಟರ್ ಬೇಡ. ಹೊಂಗುವಿನಿಂದ ಹೊಸ್ಶಿನ್‌ಮೊನ್‌ಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದು ಬನ್ನಿ. 7 ಕಿಲೋಮೀಟರ್, ಹೆಚ್ಚಿನದೆಲ್ಲ ಇಳಿಜಾರು. ದಾರಿಯಲ್ಲೇ ಫುಶಿಒಗಾಮಿ ಸಿಗುತ್ತದೆ. ಓಜಿ ಅನ್ನುವ ಸಣ್ಣ ಗುಡಿಗಳ ಹತ್ತಿರ ಮರದ ಪೆಟ್ಟಿಗೆಯಲ್ಲಿ ಮುದ್ರೆ ಇಟ್ಟಿರುತ್ತಾರೆ, ನೀವೇ ಒತ್ತಿಕೊಳ್ಳಬಹುದು. ಕಲ್ಲುಗಳ ಮೇಲೆ ಪಾಚಿ ಕಟ್ಟಿರುತ್ತದೆ, ಒಳ್ಳೆಯ ಹಿಡಿತದ ಬೂಟು ಹಾಕಿಕೊಳ್ಳಿ.

ಹಳೆಯ ಹೊಂಗು ದೇವಸ್ಥಾನ ನದಿಯ ದಂಡೆಯಲ್ಲಿತ್ತು. 1889ರ ನೆರೆಯಲ್ಲಿ ಹೆಚ್ಚಿನ ಭಾಗ ಕೊಚ್ಚಿಹೋಯಿತು, ಉಳಿದದ್ದನ್ನು ಮೇಲಿನ ದಿಬ್ಬಕ್ಕೆ ಸಾಗಿಸಿದರು. ಹಳೆಯ ಜಾಗಕ್ಕೂ ನಡೆದು ಹೋಗಿ.

ನಾಚಿಯ ಬಗ್ಗೆ ಹೇಳಲು ಸಮಯವೇ ಉಳಿದಿಲ್ಲ. ಅಲ್ಲಿನ ಜಲಪಾತವೇ 133 ಮೀಟರ್ ಎತ್ತರ. ಅಲ್ಲಿಗೂ ಅಷ್ಟೇ, ಬೆಟ್ಟದ ಬುಡದ ದೈಮೊನ್‌ಜಾಕದಲ್ಲೇ ಬಸ್ಸಿಳಿದು ಕಲ್ಲಿನ ಮೆಟ್ಟಿಲು ಹತ್ತಿ. ನಮಸ್ಕಾರ.